ಆಸ್ತಮಾ ಅಂದವಳಿಗೆ

ಇವಳೇ,

ನಮ್ಮ ಜಗಳದಲ್ಲಿ ಇಬ್ಬರೂ ಸೋತೆವು ನೋಡು. ಓಡುವಾಗ ಮಗಳಿಗೆ ಉಸಿರು ಕಟ್ಟುವುದು ಆಸ್ತಮಾ ಎಂದು ನೀನು, ಬರೀ ನಾಟಕ ಎಂದು ನಾನು. ನೀನು ಕಣ್ಮುಚ್ಚಿದ ಮೇಲೆ ಡಾಕ್ಟರು ಅವಳನ್ನು ಓಡಿಸುತ್ತಲೇ ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು. "ಶ್ವಾಸಕೋಶ ಚೆನ್ನಾಗಿದೆ. ಓಡುವಾಗ ಗಂಟಲೇ ಬಿಗಿದುಕೊಳ್ತಿದೆ, ಅಭ್ಯಾಸ ಮಾಡಿದ್ರೆ ಸರಿಹೋಗತ್ತೆ" ಅಂದರು. ಬಿಸಿಗೆ ನಾಲಿಗೆ ಸುಟ್ಟಾಗ ಗಾಳಿ ಎಳೆದುಕೊಳ್ಳುತ್ತೇವಲ್ಲ, ಹಾಗೆ ತುಟಿ ಚೂಪು ಮಾಡಿ ಉಸಿರೆಳೆಯಲು ಕಲಿಸಿದರು.

ಇವತ್ತು ಓಟದ ಪಂದ್ಯವಿತ್ತು. ನಿನ್ನ ಕೈಚೀಲ ಹಿಡಿದೇ ಹೋಗಿದ್ದೆ. ನೀನಿಟ್ಟ ಇನ್‌ಹೇಲರ್ ಅದರಲ್ಲೇ ಇದೆ. ತೆಗೆಯುವ ಪ್ರಮೇಯ ಬರಲಿಲ್ಲ. ಕೊನೆಯ ಸುತ್ತಿನಲ್ಲಿ ಬೇಲಿಯ ಈಚೆ ನಾನೂ ತುಟಿ ಚೂಪು ಮಾಡಿ ನಿಂತಿದ್ದೆ. ನಾಲ್ಕನೆಯವಳಾಗಿ ಬಂದವಳು ನನ್ನ ಕಣ್ಣು ನೋಡಿ ನಗುತ್ತಾ, "ಈಗ ನಾಟಕ ಯಾರದ್ದಪ್ಪಾ?" ಅಂದಳು.

ಆಗ ನಿನ್ನ ಚೀಲ ತೆರೆದೆ, ಕರವಸ್ತ್ರಕ್ಕೆ.