ಮಜ್ಜಿಗೆಯ ಕಾದಂಬರಿಯ ಕೊನೆಯ ಹನ್ನೆರಡು ಹಾಳೆ

ಸಂಕನಗುಡ್ಡ
ಎರಡನೆಯ ಶ್ರಾವಣದ ಮೂರನೆಯ ಸೋಮವಾರ
ನಿಮ್ಮ ಲೆಕ್ಕದಲ್ಲಿ ಇಸವಿ ೨೧೯೧

ಕುಮುದಿನಿ ಪಾಟೀಲ ಅಕ್ಕನವರಿಗೆ ನೀಲಗಂಗವ್ವನ ಶರಣು.

ಇಂದು ನನ್ನ ಉಪವಾಸ. ಬೆಳಿಗ್ಗೆ ಎದ್ದು ಅಂಗಳ ಗುಡಿಸಿ, ಮಂಜುಗಡಿಗೆಯ ನೀರು ಸೋಸಿದೆ. ಇಬ್ಬನಿ ಹಿಡಿಯುವ ಮಣ್ಣಿನ ಗಡಿಗೆಗೆ ನಾವು ಹಾಗೆನ್ನುತ್ತೇವೆ. ಆಮೇಲೆ ಲಿಂಗಪೂಜೆ ಮುಗಿಸಿ, ಅತ್ತೆಯವರಿಗೆ ಮಜ್ಜಿಗೆ ಕಡೆದಿಟ್ಟು, ಬರೆಯಲು ಕುಳಿತಿದ್ದೇನೆ. ಅವರು ಮಜ್ಜಿಗೆ ಮುಟ್ಟಿಲ್ಲ. ಆ ಕಾರಣಕ್ಕೇ ಈ ಕಾಗದ.

ನನ್ನ ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ನಾನು ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು, ಈಗ ಐವತ್ತು. ನೀವು ನನಗಿಂತ ನೂರಾ ಅರವತ್ತು ವರ್ಷ ಹಿರಿಯರು. ಕೈಬರಹ ನೋಡಿದರೆ ಹುಡುಗಿಯಂತೆ ಕಾಣುತ್ತೀರಿ. ಮರ್ಯಾದೆಗೆ ಅಕ್ಕ ಎಂದಿದ್ದೇನೆ. ಎರಡನೆಯ ಶ್ರಾವಣ ಯಾವುದು ಎಂದು ಕೇಳುವಿರಿ. ಮಳೆ ತಿಂಗಳು ತಪ್ಪಿ ಬರತೊಡಗಿದ ಮೇಲೆ ಹಿರಿಯರು ಮಳೆಗೊಂದು, ಪಂಚಾಂಗಕ್ಕೊಂದು ಎಂದು ಎರಡು ಶ್ರಾವಣ ಮಾಡಿದರು. ಹಾಗಾಗಿ ನನ್ನ ಉಪವಾಸಗಳೂ ಇಮ್ಮಡಿಯಾದವು.

ನಾನು ಊರಿನ ಓದುಗಾರ್ತಿ. ವಾರಕ್ಕೆ ಮೂರು ಮಧ್ಯಾಹ್ನ ಓದುಮನೆಯಲ್ಲಿ ಜನರಿಗೆ ಕಾದಂಬರಿ ಓದಿ ಹೇಳುತ್ತೇನೆ. ಹನ್ನೊಂದು ವರ್ಷವಾಯಿತು, ಗಂಟಲು ಸವೆದಿದೆ. ಹೋದ ವರ್ಷ ಒಂದು ಹಳೆಯ ಟ್ರಂಕಿನಲ್ಲಿ ಮೂರು ಕಾದಂಬರಿ ಸಿಕ್ಕವು. ಮೂರರ ಮೊದಲ ಪುಟದಲ್ಲೂ ನಿಮ್ಮ ಹೆಸರು, ಗಜೇಂದ್ರಗಡ ಎಂಬ ಊರ ಹೆಸರು. ಅಂಚಿನ ತುಂಬ ನಿಮ್ಮ ಪೆನ್ಸಿಲಿನ ಅಭಿಪ್ರಾಯ. ನಿಮಗೆ ಅವು ಹೊಸ ಪುಸ್ತಕ, ನನಗೂ ಹೊಸವೇ. ಆದ್ದರಿಂದ ನನಗನಿಸಿದ್ದನ್ನೂ ಹೇಳುತ್ತೇನೆ.

ಮೊದಲನೆಯದು ಮಾಯಾಲೋಕದ್ದು. ರಾಜಕುಮಾರಿ ಬೆಂಕಿಯುಗುಳುವ ಹಕ್ಕಿಯ ಮೇಲೆ ಕುಳಿತು ಏಳು ರಾಜ್ಯ ಗೆಲ್ಲುತ್ತಾಳೆ. ನೀವು ‘ಅದ್ಭುತ’ ಎಂದು ಬರೆದಿದ್ದೀರಿ. ನನಗೆ ಹಾಗನ್ನಿಸಲಿಲ್ಲ. ನಾನೂರು ಪುಟದಲ್ಲಿ ಒಬ್ಬರೂ ಒಲೆ ಹಚ್ಚುವುದಿಲ್ಲ. ಅಷ್ಟು ದೊಡ್ಡ ಸೈನ್ಯಕ್ಕೆ ರೊಟ್ಟಿ ಬಡಿದವರು ಯಾರು? ದೇವರನ್ನಂತೂ ಆಳಿನಂತೆ ಕರೆಯುತ್ತಾಳೆ, ಕೆಲಸವಾದ ಮೇಲೆ ಕೈ ಮುಗಿಯುವುದೂ ಇಲ್ಲ. ಆದರೆ ಹಕ್ಕಿ ಮುದಿಯಾಗಿ ಹಾರಲಾರದೆ ಕುಳಿತಾಗ ಅವಳು ಅದರ ರೆಕ್ಕೆಗೆ ಎಣ್ಣೆ ಹಚ್ಚುತ್ತಾಳಲ್ಲ, ಆ ಪುಟ ಚೆನ್ನಾಗಿದೆ. ಅದನ್ನು ಜನ ಎರಡು ಸಲ ಓದಿಸಿದರು.

ಎರಡನೆಯದು ದೆವ್ವದ್ದು. ಇಪ್ಪತ್ತು ಅಂತಸ್ತಿನ ಕಟ್ಟಡ, ಲಿಫ್ಟಿನಲ್ಲಿ ದೆವ್ವ. ಲಿಫ್ಟೆಂದರೆ ಏನೆಂದು ವಿವರಿಸುವುದಕ್ಕೇ ನನಗೆ ಒಂದು ಮಧ್ಯಾಹ್ನ ಹೋಯಿತು. ಕೇಳಿ ಕೇಳಿ ನೇಕಾರರ ಮಾನಪ್ಪ, "ಅಲ್ಲಬೇ ಅಕ್ಕಾ, ಹಾರಾಕ ಬರೋ ದೆವ್ವಕ್ಕ ಡಬ್ಬಿ ಯಾಕ ಬೇಕು? ಮೊಣಕಾಲು ನೋವೇನು?" ಎಂದ. ನಕ್ಕು ನಕ್ಕು ಎಲ್ಲರಿಗೂ ಸುಸ್ತಾಯಿತು. ಆದರೆ ಒಂದು ಕಡೆ ಜನ ಹತ್ತಿರ ಹತ್ತಿರ ಸರಿದು ಕುಳಿತರು. ಆ ಹೆಣ್ಣುಮಗಳು ಹೆದರಿ ಹೊರಗೆ ಓಡಿ ಬಂದಾಗ ಪಕ್ಕದ ಮನೆಯವರ ಹೆಸರು ಗೊತ್ತಿರುವುದಿಲ್ಲ, ಏನೆಂದು ಕೂಗಬೇಕೋ ತಿಳಿಯದೆ ನಿಂತುಬಿಡುತ್ತಾಳೆ. ಅವತ್ತು ಮನೆಗೆ ಹೋಗುವಾಗ ಎಲ್ಲರೂ ಜೊತೆ ಜೊತೆಗೇ ನಡೆದರು. ನೀವು ಆ ಪುಟದಲ್ಲಿ ಏನೂ ಬರೆದಿಲ್ಲ. ನಿಮಗೆ ಅದು ಹೆದರಿಕೆಯ ಸಂಗತಿ ಎನಿಸಲಿಲ್ಲವೋ ಏನೋ.

ಮೂರನೆಯದು ಪತ್ತೇದಾರಿ. ಅದೇ ನನ್ನ ಕೊರಳಿಗೆ ಬಿದ್ದದ್ದು.

ಒಂದು ದೊಡ್ಡ ಮನೆ. ಅತ್ತೆ ಮಧ್ಯಾಹ್ನ ಮಜ್ಜಿಗೆ ಕುಡಿದು ಸಾಯುತ್ತಾಳೆ. ಮಜ್ಜಿಗೆ ಕೊಟ್ಟವಳು ಸೊಸೆ. ಮನೆಯಲ್ಲಿ ಮೈದುನನಿದ್ದಾನೆ, ದಿನಾ ಬರುವ ಡಾಕ್ಟರನಿದ್ದಾನೆ. ನಲವತ್ತನೆಯ ಪುಟದಲ್ಲಿ ನೀವು ‘ಸೊಸೆಯೇ’ ಎಂದು ಬರೆದಿದ್ದೀರಿ. ನೂರಾ ಹನ್ನೆರಡರಲ್ಲಿ ‘ಅಲ್ಲ, ಡಾಕ್ಟರ್’. ನೂರಾ ಅರವತ್ತರಲ್ಲಿ ‘ಅಯ್ಯೋ, ನಾನೆಂಥ ದಡ್ಡಿ’. ಅಲ್ಲಿಂದ ಮುಂದೆ ಹನ್ನೆರಡು ಹಾಳೆ ಇಲ್ಲ.

ಆ ಹಾಳೆ ಕಳೆದವಳು ನಾನೇ. ನಮ್ಮಲ್ಲಿ ಒಂದು ಪದ್ಧತಿಯಿದೆ. ಕೇಳುವವರಾಗಲಿ ಓದುವವಳಾಗಲಿ ಕದ್ದು ಕೊನೆ ನೋಡಬಾರದೆಂದು ಪ್ರತಿ ಪುಸ್ತಕದ ಕೊನೆಹಾಳೆಗಳನ್ನು ಬಿಡಿಸಿ, ಬಟ್ಟೆಯಲ್ಲಿ ಕಟ್ಟಿ, ಪುಸ್ತಕದ ಹೆಸರು ಬರೆದು ಪಕ್ಕದ ಊರಿಗೆ ಕಳಿಸುತ್ತೇವೆ. ಓದು ಅಲ್ಲಿಗೆ ಬಂದಾಗ ತರಿಸಿಕೊಳ್ಳುತ್ತೇವೆ. ಆ ಸಲ ಈ ಒಂದು ಗಂಟಿನ ಮೇಲೆ ನಾನು ಹೆಸರು ಬರೆಯಲಿಲ್ಲ. ಕಾರಣ ಏನೂ ಇಲ್ಲ, ದಣಿದಿದ್ದೆ. ಹೆಸರಿಲ್ಲದ ಹಾಳೆಯನ್ನು ನೆನೆಸಿ, ಅರೆದು, ಹೊಸ ಕಾಗದ ಮಾಡುವುದು ಅಲ್ಲಿಯವರ ರೂಢಿ. ಅವರದೇನೂ ತಪ್ಪಿಲ್ಲ. ನಾನೀಗ ಬರೆಯುತ್ತಿರುವ ಕಾಗದವೂ ಅಲ್ಲಿಂದಲೇ ಬಂದದ್ದು. ಕೊಂದವರ ಹೆಸರು ಇದರಲ್ಲೇ ಎಲ್ಲೋ ಅರೆದುಹೋಗಿರಬಹುದು.

ನನ್ನ ಅತ್ತೆ ಸಾಂತವ್ವನವರಿಗೆ ಎಂಬತ್ತೆಂಟು. ಓದುಮನೆಯಲ್ಲಿ ಮುಂದಿನ ಸಾಲು ಅವರದು. ಕಥೆ ನಿಂತ ದಿನ ಮನೆಗೆ ಬಂದು ಮಜ್ಜಿಗೆ ಕೊಟ್ಟೆ. ಲೋಟದೊಳಗೆ ಇಣುಕಿ, "ಮೊದ್ಲ ನೀ ಒಂದ ಗುಟುಕು ಕುಡಿಯವಾ" ಎಂದರು. ಇಬ್ಬರೂ ನಕ್ಕೆವು. ನಾನು ಕುಡಿದು ತೋರಿಸಿದೆ. ಮರುದಿನವೂ ಅದೇ ಮಾತು. ಮೂರನೆಯ ದಿನ ಅವರು ನಗಲಿಲ್ಲ. ಈಗ ನಾನು ಕುಡಿದು ಕೊಟ್ಟರೂ ಬೇಡ ಎನ್ನುತ್ತಾರೆ. ರೊಟ್ಟಿ ಮೆತ್ತಗೆ ಮಾಡಿಕೊಟ್ಟರೂ ಅರ್ಧ ಬಿಡುತ್ತಾರೆ. ತಿಂಗಳಲ್ಲಿ ಕೈಬಳೆ ಮೊಣಕೈತನಕ ಸರಿಯುವಷ್ಟು ಸೊರಗಿದ್ದಾರೆ. "ಯತ್ತಿ, ಮೂವತ್ತು ವರ್ಷದಿಂದ ನನ್ನ ಕೈಯಾನ ಮಜ್ಜಿಗಿ ಕುಡದೀರಿ" ಎಂದೆ. "ಆಕೀನೂ ಅಷ್ಟ ವರ್ಷ ಕೊಟ್ಟಿದ್ಲವಾ" ಎಂದರು. ಆಮೇಲೆ ನನ್ನ ಕೈ ಹಿಡಿದು, "ನೀ ಅಂಥಾಕಿ ಅಲ್ಲ, ನಂಗ ಗೊತ್ತೈತಿ. ಆದ್ರ ಗಂಟಲಾಗ ಇಳಿಯವಲ್ದು. ಆ ಸೊಸಿ ಮಾಡಿಲ್ಲ ಅಂತ ಒಮ್ಮೆ ಕೇಳಿಬಿಟ್ರ ಸಾಕು" ಎಂದರು.

ಸುಳ್ಳು ಹೇಳಿಬಿಡು ಎಂದು ಊರೆಲ್ಲ ಹೇಳುತ್ತಿದೆ. ಡಾಕ್ಟರ್ ಕೊಂದ ಎನ್ನಲು ಎಷ್ಟು ಹೊತ್ತು? ಆದರೆ ಓದುಗಾರ್ತಿಯಾಗುವ ದಿನ ಲಿಂಗ ಮುಟ್ಟಿ ಆಣೆ ಮಾಡಿದ್ದೇನೆ, ಬರೆದಿರದ ಅಕ್ಷರ ಓದುವುದಿಲ್ಲ ಎಂದು. ಅದೂ ಅಲ್ಲದೆ, ನಾನು ಒಂದು ಕಥೆ ಕಟ್ಟಿ ಹೇಳಿದರೆ ಅತ್ತೆ ನನ್ನ ಕಣ್ಣು ನೋಡಿಯೇ ಕಂಡುಹಿಡಿಯುತ್ತಾರೆ. ಆಮೇಲೆ ಮಜ್ಜಿಗೆಯೊಂದೇ ಅಲ್ಲ, ನೀರೂ ಮುಟ್ಟಲಿಕ್ಕಿಲ್ಲ.

ಆದ್ದರಿಂದ ಹಿಂದಂಚೆಗೆ ಹೆಸರು ಕೊಟ್ಟೆ. ಕಾಗದವನ್ನು ಹಿಂದಿನ ಕಾಲಕ್ಕೆ ಒಯ್ಯುವ ಅಂಚೆ ಅದು, ವರ್ಷಕ್ಕೆ ಊರಿಗೊಂದು ಕಾಗದ. ಈ ಸಲ ಚೀಟಿ ಎತ್ತಿದಾಗ ನನ್ನ ಹೆಸರು ಬಂತು. ಬೇರೆಯವರು ಏನೇನೋ ದೊಡ್ಡ ಸಂಗತಿ ಬರೆಯಬೇಕೆಂದಿದ್ದರು. ನಿಮ್ಮ ಕಾಲದವರಿಗೆ ಬುದ್ಧಿ ಹೇಳು ಎಂದರು. ನನಗೆ ಅಷ್ಟು ಶಕ್ತಿಯಿಲ್ಲ ಅಕ್ಕ, ನೀವೂ ಕೇಳುವವರಲ್ಲ.

ನೀವು ಮಾಡಬೇಕಾದದ್ದು ಇಷ್ಟೇ. ಆ ಹನ್ನೆರಡು ಹಾಳೆಗಳನ್ನು ನಿಮ್ಮ ಕೈಯಿಂದ ನಕಲು ಮಾಡಿ. ನಿಮ್ಮೂರಿಂದ ಉತ್ತರಕ್ಕೆ ಎರಡು ಹರದಾರಿ ನಡೆದರೆ ಸಂಕನಗುಡ್ಡದ ಮೆಟ್ಟಿಲು ಬಾವಿ ಸಿಗುತ್ತದೆ. ಏಳನೆಯ ಮೆಟ್ಟಿಲ ಎಡಕ್ಕೆ ಕಲ್ಲಿನ ಗೂಡಿದೆ. ಹಿತ್ತಾಳೆ ಡಬ್ಬಿಯಲ್ಲಿಟ್ಟು, ಬಾಯಿಗೆ ಅರಗು ಹಾಕಿ, ಅದರೊಳಗಿಡಿ. ಮುಂದಕ್ಕೆ ಬರುವ ಕಾಗದಕ್ಕೆ ಅಂಚೆ ಬೇಕಿಲ್ಲ, ಕಾದರೆ ಸಾಕು. ಸೊಸೆಯೇ ಕೊಂದಿದ್ದರೆ ಅದನ್ನೂ ಹಾಗೆಯೇ ಬರೆಯಿರಿ. ನನ್ನ ಮೇಲೆ ಕನಿಕರವಿಟ್ಟು ಒಂದು ಅಕ್ಷರವನ್ನೂ ತಿದ್ದಬೇಡಿ. ಇದ್ದದ್ದನ್ನೇ ಓದುತ್ತೇನೆ, ಲೋಟ ಹಿಡಿದು ಅವರ ಪಕ್ಕದಲ್ಲೇ ಕೂರುತ್ತೇನೆ.

ನನ್ನ ಮೊಣಕಾಲು ಮೆಟ್ಟಿಲು ಇಳಿಯುವುದಿಲ್ಲ. ಈ ಕಾಗದ ಒಯ್ಯುವವಳು ನನ್ನ ಮೈದುನನ ಮಗಳು ಪಾರ್ವತೆವ್ವ. ಅವಳು ಓದಿಯೇ ಅಂಟಿಸುತ್ತಾಳೆಂದು ನನಗೆ ಗೊತ್ತು, ಹಾಗಾಗಿ ಕೊನೆಯ ಮಾತು ಅವಳಿಗೆ.

ಪಾರ್ವತೆವ್ವಾ, ಅಂಚೆಗೆ ಹಾಕಿದವಳೇ ಅಲ್ಲಿ ಇಲ್ಲಿ ಮಾತಾಡುತ್ತ ನಿಲ್ಲಬೇಡ. ಸೀದಾ ಬಾವಿಗೆ ಹೋಗು, ಗೂಡಿನೊಳಗೆ ಕೈ ಹಾಕಿ ನೋಡು. ಕುಮುದಿನಿ ಅಕ್ಕ ಬರೆದಿಟ್ಟಿದ್ದರೆ ಡಬ್ಬಿ ಅಲ್ಲಿ ಆಗಲೇ ಇರುತ್ತದೆ. ಡಬ್ಬಿ ತೆರೆಯದೆ ತಾ. ಮಜ್ಜಿಗೆ ಹುಳಿಯಾಗುವುದರೊಳಗೆ ಬಾ.