ಪಂಚಾಂಗದ ಚುಕ್ಕಿಗಳು

ಅಮ್ಮ,

ನಾಳೆ ಆದವಾನಿಯಲ್ಲಿ ಹೆಂಗಸರ ಡಾಕ್ಟರಿಗೆ ತೋರಿಸಿಕೊಳ್ಳುವುದಿದೆ. ನಾಲ್ಕು ತಿಂಗಳಿಂದ ನನ್ನ ಮುಟ್ಟು ಹತ್ತು ದಿನವಾದರೂ ನಿಲ್ಲುತ್ತಿಲ್ಲ. ಮಧ್ಯಾಹ್ನ ಅಲ್ಲಿಯ ನರ್ಸ್ ಫೋನ್ ಮಾಡಿ, "ಡೇಟೆಲ್ಲ ಬರ್ಕೊಂಡು ಬರ್ರಿ. ನಿಮ್ಮ ಅಮ್ಮಾರಿಗೂ ಹಿಂಗ ಆಗ್ತಿತ್ತೇನು, ಕೇಳ್ಕೊಂಡು ಬರ್ರಿ" ಅಂದಳು. "ಆತು, ಕೇಳ್ತೀನಿ" ಅಂದುಬಿಟ್ಟೆ.

ನೀನು ಹೋಗಿ ಮೂವತ್ತೈದು ವರ್ಷವಾಯಿತು. ಅದಕ್ಕೇ ಟ್ರಂಕಿನಿಂದ ಹಳೆಯ ಪಂಚಾಂಗಗಳನ್ನು ತೆಗೆದೆ. ಮುಟ್ಟಾಗಿ ಹೊರಗೆ ಕೂತಾಗ ನೀನು ಪಂಚಾಂಗ ಮುಟ್ಟುತ್ತಿರಲಿಲ್ಲ. "ವೃಂದಾ, ಇವತ್ತಿಂದೊಂದು ಚುಕ್ಕಿ ಇಡಮ್ಮ" ಅನ್ನುತ್ತಿದ್ದೆ. ಒಂಬತ್ತು ವರ್ಷದವಳಿದ್ದಾಗಿನಿಂದ ನಾನು ಪೆನ್ಸಿಲಿನಿಂದ ಇಡುತ್ತಿದ್ದೆ.

ಎಷ್ಟು ಚೆಂದದ ದಿನಗಳವು. ಒಳಗೆ ಅಪ್ಪ ಸಾರು ಕಾಯಿಸಿ ಉಪ್ಪು ಹಾಕಲು ಮರೆಯುತ್ತಿದ್ದರು. ನೀನು ಹಿತ್ತಲ ಪಡಸಾಲೆಯ ಚಾಪೆಯ ಮೇಲೆ, ನಾನು ಎರಡು ಮಾರು ದೂರದ ಹೊಸ್ತಿಲ ಮೇಲೆ. ನಿನಗೆ ಒಲೆಯಿಲ್ಲ, ಮಡಿಯಿಲ್ಲ, ದಿನವಿಡೀ ಕಥೆ ಹೇಳುತ್ತಿದ್ದೆ. ಬೇರೆ ದಿನ ನೀನು ನನಗೆ ಸಿಗುತ್ತಲೇ ಇರಲಿಲ್ಲ.

ಮೊದಲ ವರ್ಷಗಳಲ್ಲಿ ತಿಂಗಳಿಗೆ ಮೂರೇ ಚುಕ್ಕಿ. ಕೊನೆಯ ವರ್ಷ ಹತ್ತು, ಹನ್ನೆರಡು. ಶ್ರಾವಣದಲ್ಲಿ ಹದಿನೇಳು. ಖುಷಿಗೆ ಒಂದೊಂದನ್ನೂ ಒತ್ತಿ ಒತ್ತಿ ದುಂಡಗೆ ಮಾಡಿದ್ದೇನೆ. ಕಾರ್ತಿಕದ ಆಚೆಗೆ ಹಾಳೆಗಳು ಖಾಲಿ.

ಆ ಶ್ರಾವಣದಲ್ಲೇ ಒಂದು ದಿನ ನೀನು ಕಥೆ ಅರ್ಧಕ್ಕೆ ಬಿಟ್ಟು, ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದೆ. ನಾನು ಹೊಸ್ತಿಲಿಂದಲೇ, "ಅಮ್ಮ, ನಾಳೆನೂ ಹೊರಗ ಕೂಡು" ಅಂದೆ.

ನೀನು ಕಣ್ಣು ತೆರೆಯದೆ ನಕ್ಕೆ.

"ಆತು, ನಿನ್ನ ಸಲುವಾಗಿ ಕೂಡ್ತೀನಿ."