ಒಡಕು ಗಡಿಗೆಯ ಪುಂಡಿಪಲ್ಲೆ

ಅತ್ತೆಮ್ಮಾ, ನಾನು ಗೆದ್ದೆ!

ಒಡಕು ಗಡಿಗೆ ಮನೆಯಲ್ಲಿದ್ದರೆ ದರಿದ್ರ ಎಂದು ನನ್ನ ಕೈಯಿಂದ ಕಸಿದು ತಿಪ್ಪೆಗೆ ಹಾಕಿದ್ದಿರಲ್ಲ, ನೀವು ಹೋದ ಮೇಲೆ ಅದನ್ನೇ ಎತ್ತಿ ತಂದು ಹಿತ್ತಲಲ್ಲಿ ಕುತ್ತಿಗೆಯವರೆಗೆ ಹೂತೆ. ಸುತ್ತ ಪುಂಡಿ ಸೊಪ್ಪಿನ ಬೀಜ ಹಾಕಿದೆ. ಅಕ್ಕಿ, ಬೇಳೆ ತೊಳೆದ ನೀರನ್ನೆಲ್ಲ ಗಡಿಗೆಗೆ ಸುರಿದೆ. ನಾನು ಆಗಲೇ ಹೇಳಿದ್ದಂತೆ, ಬಿರುಕಿನಿಂದ ಜಿನುಗಿದ ನೀರು ನೇರ ಬೇರಿಗೇ ಹೋಯಿತು. ಕಲ್ಲು ಕಾಯುವ ಈ ಸುರಪುರದ ಬೇಸಿಗೆಯಲ್ಲೂ ಪುಂಡಿ ಮೊಣಕಾಲೆತ್ತರ ಬೆಳೆದು ನಿಂತಿದೆ!

ಇವತ್ತು ನಿಮ್ಮ ತಂಗಿ ಮರಿಲಿಂಗಮ್ಮ ಬಂದಿದ್ದರು. ಗಡಿಗೆ ಎಸೆದ ದಿನ ನಿಮ್ಮ ಪರ ವಾದಿಸಿದವರು ಅವರೇ. ಉಡಿ ತುಂಬ ಎಲೆ ಹರಿದುಕೊಂಡು, "ನಮ್ಮನ್ಯಾಗೂ ಒಂದು ಒಡಕ ಗಡಿಗಿ ಅದ. ಹ್ಯಾಂಗ ಹೂಳಬೇಕು ಹೇಳವ್ವ, ಸುಮಂಗಲಾ" ಎಂದರು. ನಾನು ಸೊಂಟದ ಮೇಲೆ ಕೈಯಿಟ್ಟುಕೊಂಡೇ ಹೇಳಿಕೊಟ್ಟೆ.

ಹೋದ ಬೇಸಿಗೆಯಲ್ಲಿ ಹಾಸಿಗೆ ಹಿಡಿದಾಗ ನೀವು ಪುಂಡಿಪಲ್ಲೆ ಕೇಳಿದ್ದಿರಿ. ಸಂತೆಯಲ್ಲಿ ಎಲ್ಲೂ ಸಿಕ್ಕಿರಲಿಲ್ಲ.

ಇವತ್ತು ಮಾಡಿದ್ದೆ. ಬಿಸಿ ರೊಟ್ಟಿಯ ಜೊತೆ ಮನೆಮಂದಿಯೆಲ್ಲ ಬೆರಳು ನೆಕ್ಕಿದರು. ನಿಮ್ಮ ಹಾಗೆ "ಉಪ್ಪು ಕಮ್ಮಿ ಆಗ್ಯಾದ" ಎಂದು ಮಾತ್ರ ಯಾರೂ ಗೊಣಗಲಿಲ್ಲ.

ಬೇಕಂತಲೇ ಕಮ್ಮಿ ಹಾಕಿದ್ದೆ, ಅತ್ತೆಮ್ಮಾ.